ಎಣ್ಣೆ ಹುಡುಕುವ ಮೊದಲು ನೆತ್ತಿ ನೋಡಿ: ಸವಳು ನೀರಿನ ಊರಿನವರಿಗೆ ತಲೆಯ ಆರೈಕೆ

"ಅಕ್ಕಾರ, ಕೂದಲ ಭಾಳ ಉದರಾಕತ್ತಾವ್ರಿ. ಯಾವುದರ ಚಲೋ ಎಣ್ಣಿ ಹೇಳ್ರಿ."

ವಿಜಯಪುರದಲ್ಲಿ ನಾನು ನಡೆಸುವ ಚಿಕ್ಕ ಪಾರ್ಲರ್‌ಗೆ ಬರುವವರಲ್ಲಿ ಬಹಳ ಜನ ಕುರ್ಚಿಯಲ್ಲಿ ಕೂತ ಕೂಡಲೇ ಕೇಳುವುದು ಇದನ್ನೇ. ನಾನು ಎಣ್ಣೆಯ ಹೆಸರು ಹೇಳುವುದಿಲ್ಲ. ಮೊದಲು ಹಣಿಗೆಯ ತುದಿಯಿಂದ ಬೈತಲೆ ತೆಗೆದು ನೆತ್ತಿ ನೋಡುತ್ತೇನೆ. ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ. ಹಳದಿ ಬಣ್ಣದ ಜಿಡ್ಡು ಹೊಟ್ಟು, ಕೆಂಪಾದ ಚರ್ಮ, ಸೋಪಿನ ಬಿಳಿ ಪದರ, ಕೆರೆದು ಕೆರೆದು ಆದ ಗಾಯ. ಅದರ ಮೇಲೆ ನಿನ್ನೆ ರಾತ್ರಿ ಹಚ್ಚಿದ ಎಣ್ಣೆ.

ಹೊರಗೆ ಕಾಣುವ ಕೂದಲಿಗೆ ಜೀವ ಇಲ್ಲ. ಕತ್ತರಿಸಿದರೆ ನೋವಾಗದಿರುವುದು ಅದಕ್ಕೇ. ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ. ಅಲ್ಲಿಂದ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಅಷ್ಟೇ. ಇವತ್ತಿನಿಂದ ನೆತ್ತಿ ಸರಿಯಾಗಿ ನೋಡಿಕೊಂಡರೂ ಹೊಸ ಕೂದಲು ಬೆರಳಿಗೆ ಸಿಗಲು ಮೂರು ನಾಲ್ಕು ತಿಂಗಳು ಬೇಕು. ತುರಿಕೆ ಮತ್ತು ಹೊಟ್ಟು ಮಾತ್ರ ಮೂರು ನಾಲ್ಕು ವಾರದಲ್ಲೇ ಇಳಿಯುತ್ತವೆ. ಈ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಂಡು ಶುರು ಮಾಡಿ. ಹದಿನೈದು ದಿನಕ್ಕೊಮ್ಮೆ ಎಣ್ಣೆ, ಶಾಂಪೂ ಬದಲಿಸುವ ಚಡಪಡಿಕೆ ಆಗ ಇರುವುದಿಲ್ಲ.

ಮೊದಲ ಹೆಜ್ಜೆ: ಬೆಳಕಿನಲ್ಲಿ ಕೂತು ನೋಡಿ

ಎಣ್ಣೆ ಹಚ್ಚದ ದಿನ, ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿ ಕೂತುಕೊಳ್ಳಿ. ಮನೆಯವರೊಬ್ಬರು ಹಿಂದೆ ಕೂತು ಬೆರಳಗಲಕ್ಕೊಂದು ಬೈತಲೆ ತೆಗೆಯುತ್ತಾ ಹೋಗಲಿ. ಮುಂದಿನ ಹಣೆಗೆರೆ, ನಡುನೆತ್ತಿ, ಕಿವಿಯ ಹಿಂದೆ, ಕತ್ತಿನ ಮೇಲಿನ ಜಾಗ, ಈ ನಾಲ್ಕನ್ನೂ ಬಿಡದೆ ನೋಡಲಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ಇದು ಬೇಕು.

ಹೊಟ್ಟು ಅಂದರೆ ಎಲ್ಲವೂ ಒಂದೇ ಅಲ್ಲ. ಸಣ್ಣ ಪುಡಿಯ ಹಾಗೆ ಒಣಗಿ ಉದುರುತ್ತಿದ್ದು, ಕೈ ಕಾಲಿನ ಚರ್ಮವೂ ಬಿರುಸಾಗಿದ್ದರೆ ಅದು ಹೆಚ್ಚಾಗಿ ಒಣ ಚರ್ಮ. ನಮ್ಮ ಕಡೆ ಡಿಸೆಂಬರ್, ಜನವರಿಯ ಒಣ ಗಾಳಿಗೆ ಇದು ಸಾಮಾನ್ಯ. ಹಳದಿ ಛಾಯೆ ಇದ್ದು, ಜಿಡ್ಡಾಗಿ ಚರ್ಮಕ್ಕೆ ಅಂಟಿಕೊಂಡಿದ್ದರೆ, ಜೊತೆಗೆ ತುರಿಕೆಯೂ ಇದ್ದರೆ, ಅದೇ ನಿಜವಾದ ತಲೆಹೊಟ್ಟು. ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲೂ ಸಿಪ್ಪೆ ಏಳುತ್ತಿದ್ದರೆ ಅನುಮಾನವೇ ಬೇಡ. ಬೆಳ್ಳಿಯ ಬಣ್ಣದ ದಪ್ಪ ಪದರ ಕೂದಲಿನ ಗೆರೆ ದಾಟಿ ಹಣೆಗೆ ಬಂದಿದ್ದರೆ, ಮೊಣಕೈ ಮೊಣಕಾಲಿನಲ್ಲೂ ಅಂಥದೇ ಕಂಡರೆ, ಅದು ಸೋರಿಯಾಸಿಸ್ ಇರಬಹುದು. ಅದಕ್ಕೆ ಮನೆಮದ್ದು ಬೇಡ, ಡಾಕ್ಟರ್ ನೋಡಲಿ.

ಉದುರುವ ಕೂದಲಿನ ಬಗ್ಗೆ ಒಂದು ಸಮಾಧಾನದ ಮಾತು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ. ವಾರಕ್ಕೊಮ್ಮೆ ಎರೆದುಕೊಳ್ಳುವವರಿಗೆ ಆ ವಾರದ್ದೆಲ್ಲಾ ಒಂದೇ ದಿನ ಬಚ್ಚಲಲ್ಲಿ ಕಾಣುತ್ತದೆ. ಅದನ್ನು ನೋಡಿ ಹೆದರಿ, ಎರೆದುಕೊಳ್ಳುವುದನ್ನೇ ಇನ್ನೂ ಮುಂದೂಡುತ್ತಾರೆ. ನೆತ್ತಿ ಮತ್ತಷ್ಟು ಕೊಳೆಯಾಗುತ್ತದೆ. ಹಾಗೆ ಮಾಡಬೇಡಿ.

ಎರಡನೇ ಹೆಜ್ಜೆ: ನಿಮ್ಮ ನೀರು ಯಾವುದು?

ನಮ್ಮ ಜಿಲ್ಲೆಯಲ್ಲಿ ತಲೆಯ ಆರೈಕೆ ಅಂದರೆ ಮೊದಲು ನೀರಿನ ಮಾತು ಬರಲೇಬೇಕು. ಬೋರ್ ನೀರು ಎಷ್ಟು ಸವಳು ಅನ್ನುವುದು ಇಲ್ಲಿ ಮನೆ ಮಾಡಿದವರಿಗೆ ಗೊತ್ತು. ಗೀಸರ್ ಕಾಯಿಲ್ ಮೇಲೆ, ಬಚ್ಚಲ ಹಂಡೆಯ ಒಳಗೆ, ನಳದ ಬಾಯಿಗೆ ಬಿಳಿ ಹೊಪ್ಪಳಿಕೆ ಕಟ್ಟುತ್ತದಲ್ಲ, ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣ. ಆ ನೀರಿಗೆ ಸೋಪು ಸೇರಿದರೆ ನೊರೆ ಬರುವ ಬದಲು ಬೂದು ಬಣ್ಣದ ಅಂಟು ಆಗುತ್ತದೆ. ಅದು ನೀರಲ್ಲಿ ಕರಗುವುದಿಲ್ಲ. ನೆತ್ತಿಗೂ ಕೂದಲಿಗೂ ಹತ್ತಿಕೊಂಡು ಕೂರುತ್ತದೆ. ಒಣಗಿದ ಮೇಲೆ ಕೂದಲು ತೆಂಗಿನ ನಾರಿನ ಹಾಗೆ ಆಗುವುದು ಇದರಿಂದ.

ಬೋರ್ ನೀರಿನಿಂದಲೇ ಬೋಳು ತಲೆ ಆಗುತ್ತದೆ ಅನ್ನುವ ಭಯ ಬೇಡ. ಇಂಥ ಲವಣ ತುಂಬಿದ ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಬಾಚುವಾಗ ಅದು ನಡುವೆ ತುಂಡಾಗುತ್ತದೆ, ನೆತ್ತಿ ಒಣಗಿ ತುರಿಸುತ್ತದೆ. ತುಂಡಾಗಿ ಬಿದ್ದದ್ದನ್ನೂ ನಾವು ಉದುರಿದ್ದು ಅಂತಲೇ ಲೆಕ್ಕ ಹಾಕುತ್ತೇವೆ. ಬಿದ್ದ ಕೂದಲನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಇದ್ದರೆ ಬುಡದಿಂದ ಬಂದದ್ದು. ಗಂಟು ಇಲ್ಲದೆ ಗಿಡ್ಡ ಗಿಡ್ಡ ಇದ್ದರೆ ಮುರಿದದ್ದು.

ನೀರು ಪರೀಕ್ಷಿಸಲು ಸುಲಭ ದಾರಿ ಇದೆ. ಒಂದು ಬಾಟಲಿಯಲ್ಲಿ ಅರ್ಧ ನೀರು ಹಾಕಿ, ಮೈಗೆ ಹಚ್ಚುವ ಸೋಪನ್ನು ಸ್ವಲ್ಪ ಹೆರೆದು ಸೇರಿಸಿ ಜೋರಾಗಿ ಕುಲುಕಿ. ನೊರೆ ನಿಂತರೆ ಸಿಹಿನೀರು. ನೊರೆ ಒಡೆದು ನೀರು ಹಾಲಿನ ಹಾಗೆ ಮಸುಕಾದರೆ ಗಡಸು.

ಗಡಸಾಗಿದ್ದರೆ ಏನು ಮಾಡಬೇಕು? ವಿಜಯಪುರ ನಗರಕ್ಕೆ ಕೊಲ್ಹಾರದ ಕಡೆಯಿಂದ ಕೃಷ್ಣಾ ನದಿಯ ನೀರು ಬರುತ್ತದೆ. ಅದು ಬೋರ್ ನೀರಿಗಿಂತ ಎಷ್ಟೋ ಮೆದು. ಹಾಗಾಗಿ ನಳ ಬರುವ ದಿನ ನೋಡಿಕೊಂಡು ಎರೆದುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಶುಕ್ರವಾರವೇ ಎರೆದುಕೊಳ್ಳಬೇಕು ಅನ್ನುವವರು ಗುರುವಾರ ಬಂದ ನೀರನ್ನು ಒಂದು ಬಕೆಟ್ ತೆಗೆದಿಡಬಹುದಲ್ವಾ?

ಬೋರ್ ಬಿಟ್ಟು ಬೇರೆ ನೀರಿಲ್ಲದ ಹಳ್ಳಿಯಲ್ಲಿ ಇದ್ದರೆ, ಪೂರ್ತಿ ಸ್ನಾನ ಅದರಲ್ಲೇ ಆಗಲಿ, ಕೊನೆಯ ಎರಡು ಮೂರು ತಂಬಿಗೆ ಮಾತ್ರ ಬೇರೆ ನೀರು ಇರಲಿ. ಶುದ್ಧ ನೀರಿನ ಘಟಕದಿಂದ ತಂದ ನೀರು ಆಗುತ್ತದೆ. ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರು ಇನ್ನೂ ಒಳ್ಳೆಯದು. ಅದೂ ಇಲ್ಲದಿದ್ದರೆ ನೀರನ್ನು ಹದಿನೈದು ನಿಮಿಷ ಕುದಿಸಿ, ಆರಲು ಬಿಟ್ಟು, ಅಡಿಯ ಬಿಳಿ ಗಸಿ ಅಲುಗದಂತೆ ಮೇಲಿನ ನೀರನ್ನು ಬಸಿದುಕೊಳ್ಳಿ. ಕುದಿಸಿದರೆ ಗಡಸುತನ ಪೂರ್ತಿ ಹೋಗುವುದಿಲ್ಲ, ಒಂದು ಭಾಗ ಹೋಗುತ್ತದೆ. ಪಟಿಕ ಹಾಕಿದರೆ ಕೆಸರು ಕೂರುತ್ತದೆ, ಗಡಸುತನ ಹೋಗುವುದಿಲ್ಲ. ನಳಕ್ಕೆ ಸಿಕ್ಕಿಸುವ ಚಿಕ್ಕ ಫಿಲ್ಟರ್‌ಗಳು ಹೆಚ್ಚಾಗಿ ಕ್ಲೋರಿನ್ ತೆಗೆಯುವಂಥವು. ಸವಳು ತೆಗೆಯುತ್ತವೆ ಅಂತ ನಂಬಿ ದುಡ್ಡು ಹಾಕಬೇಡಿ.

ಮೂರನೇ ಹೆಜ್ಜೆ: ಎರೆದುಕೊಳ್ಳುವ ರೀತಿ

ಮೈಗೆ ಹಚ್ಚುವ ಸೋಪನ್ನು ತಲೆಗೆ ಹಚ್ಚುವುದನ್ನು ಇವತ್ತೇ ನಿಲ್ಲಿಸಿ. ನಾನು ನೋಡುವ ತಲೆಗಳಲ್ಲಿ ಹಿರಿಯರದ್ದು, ಗಂಡಸರದ್ದು ಹಾಳಾಗಿರುವುದು ಮುಖ್ಯವಾಗಿ ಇದರಿಂದ. ಸೋಪು ಕ್ಷಾರ, ನೆತ್ತಿಯ ಚರ್ಮ ಸ್ವಲ್ಪ ಹುಳಿ ಗುಣದ್ದು. ಗಡಸು ನೀರು ಸೇರಿದರೆ ಮೊದಲೇ ಹೇಳಿದ ಅಂಟು ಬೇರೆ. ಅಡುಗೆ ಸೋಡಾ ಹಾಕಿ ತಲೆ ತೊಳೆಯುವುದೂ ಇದೇ ತಪ್ಪು.

ಸೀಗೆಕಾಯಿ ಒಳ್ಳೆಯದು. ಸೋಪಿನ ಹಾಗೆ ಸವಳು ನೀರಲ್ಲಿ ಅಂಟು ಕಟ್ಟುವುದಿಲ್ಲ. ಆದರೆ ಪುಡಿಯನ್ನು ನೇರ ನೆತ್ತಿಗೆ ತಿಕ್ಕಿದರೆ ಅದರ ಕಣ ಕೂದಲಿನ ಬುಡದಲ್ಲಿ ಉಳಿದು ತುರಿಕೆ ತರುತ್ತದೆ. ಆಮೇಲೆ ಅದನ್ನೇ ಹೊಟ್ಟು ಅಂದುಕೊಳ್ಳುತ್ತೇವೆ. ರಾತ್ರಿ ಬಿಸಿನೀರಲ್ಲಿ ನೆನೆಸಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ, ಆ ರಸ ಮಾತ್ರ ಬಳಸಿ. ಅಂಟುವಾಳವೂ ಹಾಗೆಯೇ. ಕಣ್ಣಿಗೆ ಬೀಳದಂತೆ ಎಚ್ಚರ, ತುಂಬಾ ಉರಿಯುತ್ತದೆ.

ಶಾಂಪೂ ಬಳಸುವವರು ಹೀಗೆ ಮಾಡಿ. ಮೊದಲು ಹಣಿಗೆಯಿಂದ ಸಿಕ್ಕು ಬಿಡಿಸಿ. ಉಗುರು ಬೆಚ್ಚಗಿನ ನೀರಲ್ಲಿ ತಲೆ ಪೂರ್ತಿ ನೆನೆಸಿ. ಕುದಿಯುವ ನೀರು ಹೊಯ್ದುಕೊಂಡರೆ ಹಿತ ಅನ್ನಿಸುತ್ತದೆ, ಆದರೆ ನೆತ್ತಿ ಒಣಗುತ್ತದೆ. ಶಾಂಪೂವನ್ನು ಅರ್ಧ ಲೋಟ ನೀರಲ್ಲಿ ಕಲಸಿ, ನೆತ್ತಿಗೆ ಮಾತ್ರ ಹಾಕಿ. ಬೆರಳ ತುದಿಯ ಮೆತ್ತನೆ ಭಾಗದಿಂದ ಎರಡು ನಿಮಿಷ ಉಜ್ಜಿ, ಉಗುರು ತಾಗಿಸಬೇಡಿ. ಉದ್ದ ಕೂದಲಿಗೆ ಬೇರೆ ಶಾಂಪೂ ಬೇಕಿಲ್ಲ, ತೊಳೆಯುವಾಗ ಹರಿದು ಬರುವ ನೊರೆಯೇ ಸಾಕು. ಕಂಡೀಷನರ್ ಹಚ್ಚುವುದಾದರೆ ಕಿವಿಯಿಂದ ಕೆಳಗೆ ಮಾತ್ರ.

ಆಮೇಲೆ ಹಚ್ಚಿದ್ದಕ್ಕಿಂತ ಎರಡು ಪಟ್ಟು ಹೊತ್ತು ತೊಳೆಯಿರಿ. ಕಿವಿಯ ಹಿಂದೆ ಮತ್ತು ಕತ್ತಿನ ಮೇಲೆ ಶಾಂಪೂ ಉಳಿಯುವುದು ಜಾಸ್ತಿ.

ವಾರಕ್ಕೆ ಎಷ್ಟು ಸಲ? ನೆತ್ತಿಯನ್ನೇ ಕೇಳಿ. ಜಿಡ್ಡು ಬೇಗ ಬರುವವರು, ಬಿಸಿಲಲ್ಲಿ ದುಡಿಯುವವರು, ಹೆಲ್ಮೆಟ್ ಹಾಕುವವರು ಎರಡು ದಿನಕ್ಕೊಮ್ಮೆ ತೊಳೆದರೂ ಏನೂ ಆಗುವುದಿಲ್ಲ. ಒಣ ನೆತ್ತಿಯವರಿಗೆ ವಾರಕ್ಕೆ ಒಂದು ಅಥವಾ ಎರಡು ಸಲ ಸಾಕು. ತೊಳೆದರೆ ಕೂದಲು ಉದುರುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಆ ದಿನ ಬೀಳುವುದು ಬುಡ ಬಿಟ್ಟು ಬೀಳಲು ಕಾಯುತ್ತಿದ್ದ ಕೂದಲೇ.

ನಾಲ್ಕನೇ ಹೆಜ್ಜೆ: ಎಣ್ಣೆಗೆ ಅದರ ಜಾಗ ಕೊಡಿ

ಇಲ್ಲಿ ನನ್ನ ಮನೆಯ ಕಥೆಯನ್ನೇ ಹೇಳಬೇಕು. ನನ್ನ ಮಗಳಿಗೆ ಹನ್ನೆರಡು ವರ್ಷ ಇದ್ದಾಗ ತಲೆಯಲ್ಲಿ ಹೊಟ್ಟು ಶುರುವಾಯಿತು. "ತಲಿ ಒಣಗೇತಿ, ಎಣ್ಣಿ ಹಚ್ಚ" ಅಂದರು ನಮ್ಮ ಅತ್ತೆ. ನಾನೂ ಹಾಗೇ ತಿಳಿದೆ. ಕೊಬ್ಬರಿ ಎಣ್ಣೆಗೆ ಔಡಲ ಎಣ್ಣೆ ಬೆರೆಸಿ ರಾತ್ರಿ ಹಚ್ಚುವುದು, ಬೆಳಿಗ್ಗೆ ಜಡೆ ಹಾಕಿ ಶಾಲೆಗೆ ಕಳಿಸುವುದು. ಎಣ್ಣೆ ಹಚ್ಚಿದಾಗ ಹೊಟ್ಟು ಕಾಣುತ್ತಿರಲಿಲ್ಲ, ಹಾಗಾಗಿ ಗುಣವಾಗುತ್ತಿದೆ ಅಂದುಕೊಂಡೆವು. ಎರಡು ತಿಂಗಳಲ್ಲಿ ಹಣೆಯ ಅಂಚಿನಲ್ಲಿ ಚರ್ಮ ಕೆಂಪಾಗಿ, ಮಗು ರಾತ್ರಿ ನಿದ್ದೆಯಲ್ಲೂ ಕೆರೆದುಕೊಳ್ಳುತ್ತಿತ್ತು. ಚರ್ಮದ ಡಾಕ್ಟರ್ ನೋಡಿ ಮೊದಲು ಹೇಳಿದ ಮಾತು, "ಎಣ್ಣೆ ಬಿಡಿಸಿ."

ಕಾರಣವನ್ನೂ ಅವರು ಬಿಡಿಸಿ ಹೇಳಿದರು. ಎಲ್ಲರ ನೆತ್ತಿಯ ಮೇಲೂ ಮಲಸೀಜಿಯಾ ಎಂಬ ಕಣ್ಣಿಗೆ ಕಾಣದ ಶಿಲೀಂಧ್ರ ಇರುತ್ತದೆ. ನೆತ್ತಿಯ ಜಿಡ್ಡೇ ಅದರ ಆಹಾರ. ಅದು ಜಿಡ್ಡು ತಿಂದು ಬಿಡುವ ಆಮ್ಲ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಆಗ ಚರ್ಮ ಕೆರಳಿ ಬೇಗ ಬೇಗ ಸಿಪ್ಪೆ ಏಳುತ್ತದೆ. ನಾವು ಹಚ್ಚುವ ಎಣ್ಣೆಯೂ ಅದಕ್ಕೆ ಊಟವೇ. ಅಂದರೆ ಹೊಟ್ಟಿರುವ ತಲೆಗೆ ರಾತ್ರಿಯಿಡೀ ಎಣ್ಣೆ ಬಿಟ್ಟರೆ ಹೊಟ್ಟನ್ನು ಸಾಕಿದ ಹಾಗೆ.

ಹಾಗಂತ ಎಣ್ಣೆಯೇ ಕೆಟ್ಟದ್ದು ಅಂತಲ್ಲ. ಹೊಟ್ಟು ಇಲ್ಲದವರು ಎರೆದುಕೊಳ್ಳುವ ಒಂದೆರಡು ತಾಸು ಮೊದಲು ಕೊಬ್ಬರಿ ಎಣ್ಣೆ ಹಚ್ಚಿದರೆ ಕೂದಲಿಗೆ ಒಳ್ಳೆಯದು. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ಕಡಿಮೆ ಮಾಡುತ್ತದೆ. ಕುಸುಬೆ ಎಣ್ಣೆ ಮನೆಯಲ್ಲಿದ್ದರೆ ಅದನ್ನೂ ತುದಿ ಕೂದಲಿಗೆ ಸವರಬಹುದು, ಮೃದುವಾಗುತ್ತದೆ. ಆದರೆ ಯಾವ ಎಣ್ಣೆಯೂ ನಿಂತುಹೋದ ಬುಡದಿಂದ ಹೊಸ ಕೂದಲು ಹುಟ್ಟಿಸುವುದಿಲ್ಲ. ಸಾವಿರಾರು ರೂಪಾಯಿಯ ಎಣ್ಣೆ ಬಾಟಲಿ ಹಿಡಿದುಕೊಂಡು ನನ್ನ ಹತ್ತಿರ ಬರುವ ಹೆಣ್ಣುಮಕ್ಕಳನ್ನು ನೋಡಿದಾಗ ಸಂಕಟವಾಗುತ್ತದೆ. ಆ ದುಡ್ಡಿನಲ್ಲಿ ರಕ್ತಪರೀಕ್ಷೆಯೂ ಆಗುತ್ತಿತ್ತು, ತಿಂಗಳ ಹಣ್ಣು ಕಾಯಿಪಲ್ಲೆಯೂ ಬರುತ್ತಿತ್ತು.

ಹೊಟ್ಟು ಇರುವವರಿಗೆ

ಸಾದಾ ಹೊಟ್ಟಿಗೆ ಜಿಂಕ್ ಪೈರಿಥಿಯೋನ್ ಇರುವ ಶಾಂಪೂ ಸಾಕಾಗಬಹುದು. ಜಾಸ್ತಿ ಇದ್ದರೆ ಶೇಕಡಾ 2ರ ಕೀಟೊಕೊನಜೋಲ್ ಶಾಂಪೂ. ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಗರ್ಭಿಣಿಯರು, ಚಿಕ್ಕ ಮಕ್ಕಳ ತಾಯಂದಿರು ಡಾಕ್ಟರನ್ನು ಕೇಳಿಯೇ ಬಳಸಿ.

ಎಲ್ಲರೂ ತಪ್ಪುವುದು ಒಂದೇ ಕಡೆ. ಹಚ್ಚಿದ ಕೂಡಲೇ ತೊಳೆದುಬಿಡುತ್ತಾರೆ. ಔಷಧಿ ಶಾಂಪೂ ನೆತ್ತಿಯ ಮೇಲೆ ಮೂರರಿಂದ ಐದು ನಿಮಿಷ ಇರಬೇಕು. ಅಷ್ಟು ಹೊತ್ತು ಮೈ ತಿಕ್ಕಿಕೊಳ್ಳಿ, ಆಮೇಲೆ ತಲೆ ತೊಳೆಯಿರಿ. ಎಣ್ಣೆ ಇರುವ ತಲೆಗೆ ನೇರ ಹಚ್ಚಿದರೆ ಔಷಧಿ ಚರ್ಮಕ್ಕೆ ಮುಟ್ಟುವುದಿಲ್ಲ. ಮೊದಲು ಸಾದಾ ಶಾಂಪೂವಿನಿಂದ ಒಮ್ಮೆ ತೊಳೆದುಕೊಳ್ಳಿ. ಹೊಟ್ಟು ಹೋದ ಮೇಲೂ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಬಳಸುತ್ತಿರಿ, ಯಾಕೆಂದರೆ ಇದು ಮರಳಿ ಬರುವ ತೊಂದರೆ. ನನ್ನ ಮಗಳಿಗೆ ಮೂರನೇ ವಾರದಲ್ಲಿ ಕೆಂಪು ಇಳಿಯಿತು. ಈಗ ಕಾಲೇಜಿಗೆ ಹೋಗುತ್ತಾಳೆ, ಚಳಿಗಾಲ ಬಂತು ಅಂದರೆ ತಾನೇ ಆ ಬಾಟಲಿ ತೆಗೆದಿಡುತ್ತಾಳೆ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಲೋಷನ್ ತಂದು ತಿಂಗಳುಗಟ್ಟಲೆ ಹಚ್ಚಬೇಡಿ. ತುರಿಕೆ ಎರಡೇ ದಿನಕ್ಕೆ ನಿಲ್ಲುತ್ತದೆ, ಅದಕ್ಕೇ ಜನ ಅದನ್ನು ಬಿಡುವುದಿಲ್ಲ. ಆದರೆ ಚರ್ಮ ತೆಳ್ಳಗಾಗುತ್ತದೆ. ಅದನ್ನು ಎಷ್ಟು ದಿನ ಹಚ್ಚಬೇಕು ಅಂತ ಡಾಕ್ಟರ್ ಹೇಳಲಿ.

ಲಿಂಬೆ ತಲೆಗಲ್ಲ, ತಟ್ಟೆಗೆ

ಇಂಡಿ ತಾಲೂಕಿನ ಲಿಂಬೆ ನಮ್ಮ ಜಿಲ್ಲೆಯ ಹೆಮ್ಮೆ. ಅಗ್ಗವಾಗಿ ಸಿಗುತ್ತದೆ ಅಂತ ಹೊಟ್ಟಿಗೆ ಲಿಂಬೆ ರಸ ತಿಕ್ಕುವವರು ಬಹಳ. ದಯವಿಟ್ಟು ಬೇಡ. ಕೆರೆದ ಚರ್ಮಕ್ಕೆ ಅದು ಉರಿ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಲಿಂಬೆ ರಸ ಹತ್ತಿದ ಚರ್ಮ ಬಿಸಿಲಿಗೆ ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಲಿಂಬೆಯಲ್ಲಿ ಬಿಸಿಲಿಗೆ ಕೆರಳುವ ಅಂಶ ಇದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ತಲೆಗೆ ಹಚ್ಚಿ ಅಂಗಳದಲ್ಲಿ ಕೂತರೆ ಹಣೆ ಕಿವಿಯೆಲ್ಲ ಸುಡುತ್ತದೆ.

ಅದೇ ಲಿಂಬೆಯನ್ನು ಊಟಕ್ಕೆ ಬಳಸಿ. ಪುಂಡಿ ಪಲ್ಯಕ್ಕೆ ಬೇಡ, ಅದು ತಾನೇ ಹುಳಿ. ಮೆಂತ್ಯ ಪಲ್ಯಕ್ಕೆ, ಮಡಿಕೆ ಕಾಳಿಗೆ ಹಿಂಡಿ. ಸೊಪ್ಪು ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಲಿಂಬೆಯ ಸಿ ವಿಟಮಿನ್ ಸಹಾಯ ಮಾಡುತ್ತದೆ. ಕೂದಲಿನ ಬುಡಕ್ಕೆ ಲಿಂಬೆ ತಲುಪುವ ದಾರಿ ಇದು.

ಊಟದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಕೂದಲು ತೆಳುವಾಗಲು ದೊಡ್ಡ ಕಾರಣ. ಜೋಳದ ರೊಟ್ಟಿ, ಹೆಸರು ಕಾಳು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೊಸರು, ಇದು ಒಳ್ಳೆಯ ಊಟ. ಬಡಿಸುವವಳಿಗೆ ಕೊನೆಯಲ್ಲಿ ರೊಟ್ಟಿ ಖಾರ ಮಾತ್ರ ಉಳಿಯುತ್ತದೆ, ಅದೇ ತೊಂದರೆ. ಕಾಳು ಪಲ್ಯ ನಿಮ್ಮ ಪಾಲಿಗೂ ತೆಗೆದಿಡಿ. ಊಟದ ಜೊತೆ ಚಹಾ ಕುಡಿಯಬೇಡಿ, ಒಂದು ತಾಸು ಬಿಡಿ. ಚಹಾ ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತದೆ. ಬಯೋಟಿನ್ ಮಾತ್ರೆ ಕೊರತೆ ಇಲ್ಲದವರಿಗೆ ಕೂದಲು ಬೆಳೆಸುವುದಿಲ್ಲ. ಅದರ ಮೇಲೆ, ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪು ತೋರಿಸಬಹುದು. ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ಲ್ಯಾಬಿನವರಿಗೆ ಹೇಳಿ.

ಡೆಂಗಿ, ಟೈಫಾಯ್ಡ್ ಆದ ಎರಡು ಮೂರು ತಿಂಗಳಿಗೆ, ಹೆರಿಗೆಯಾದ ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಬರುತ್ತದೆ. ಬಾಣಂತಿಯರು ನನ್ನ ಮುಂದೆ ಅತ್ತಿದ್ದಾರೆ. ಇದರಲ್ಲಿ ಬುಡ ಸತ್ತಿರುವುದಿಲ್ಲ, ವಿಶ್ರಾಂತಿಗೆ ಹೋಗಿರುತ್ತದೆ. ಹೆಚ್ಚಿನವರಿಗೆ ಆರು ತಿಂಗಳ ಆಸುಪಾಸಿನಲ್ಲಿ ಉದುರುವುದು ನಿಲ್ಲುತ್ತದೆ, ಹಣೆಯಂಚಿನಲ್ಲಿ ಗಿಡ್ಡ ಹೊಸ ಕೂದಲು ಏಳುತ್ತವೆ.

ಬಿಸಿಲು, ಬೆವರು, ಬಿಗಿ ಜಡೆ

ಬೆವರಿದ ತಲೆಯನ್ನು ಹಾಗೇ ಸೆರಗಿನಲ್ಲಿ, ರುಮಾಲಿನಲ್ಲಿ ಮುಚ್ಚಿಡಬೇಡಿ. ಮನೆಗೆ ಬಂದ ಕೂಡಲೇ ಬಿಚ್ಚಿ ಗಾಳಿಗೆ ಬಿಡಿ. ಹೆಲ್ಮೆಟ್ ಬಿಡಲೇಬೇಡಿ, ಅದರಿಂದ ಕೂದಲು ಉದುರುವುದಿಲ್ಲ. ಒಳಗೆ ಒಂದು ತೆಳು ಹತ್ತಿ ಬಟ್ಟೆ ಕಟ್ಟಿ, ಆ ಬಟ್ಟೆಯನ್ನು ದಿನಾ ತೊಳೆಯಿರಿ.

ಒದ್ದೆ ಕೂದಲಿಗೆ ಜಡೆ, ತುರುಬು ಬೇಡ. ಶಾಲೆಯ ಹುಡುಗಿಯರಿಗೆ ಎರಡು ಜಡೆ ಹಾಕಿ ರಿಬ್ಬನ್ ಬಿಗಿಯುವಾಗ ಹಣೆಯ ಚರ್ಮ ಜಗ್ಗಿದರೆ ಅದು ಅತಿಯಾಯಿತು. ವರ್ಷಗಟ್ಟಲೆ ಜಗ್ಗಿದರೆ ಹಣೆಯಂಚು ಹಿಂದೆ ಸರಿಯುತ್ತದೆ, ಅಲ್ಲಿ ಕೂದಲು ಮರಳಿ ಬರುವುದಿಲ್ಲ.

ಹೇನು ಆದರೆ ಮಗುವಿಗೆ ಬೈಯಬೇಡಿ, ಶುಚಿಯಾದ ತಲೆಗೂ ಹತ್ತುತ್ತದೆ. ಶೇಕಡಾ 1ರ ಪರ್ಮೆಥ್ರಿನ್ ಲೋಷನ್ ಹತ್ತು ನಿಮಿಷ ಬಿಟ್ಟು ತೊಳೆದು, ಸೀರಣಿಗೆಯಿಂದ ಬಾಚಿ. ಏಳರಿಂದ ಒಂಬತ್ತು ದಿನದ ನಂತರ ಇನ್ನೊಮ್ಮೆ ಹಚ್ಚಲೇಬೇಕು, ಉಳಿದ ಸೀರು ಒಡೆದು ಮರಿ ಬಂದಿರುತ್ತದೆ. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ. ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧಿ ತಲೆಗೆ ತಾಗಬಾರದು. ಅದು ಜೀವಕ್ಕೇ ಅಪಾಯ.

ಇನ್ನು ಕಪ್ಪು ಮೆಹಂದಿ. ನಿಜವಾದ ಮೆಹಂದಿ ಕಪ್ಪು ಬಣ್ಣ ಕೊಡುವುದಿಲ್ಲ. ಹತ್ತು ನಿಮಿಷಕ್ಕೆ ಕಪ್ಪಾಗುವ ಪೊಟ್ಟಣದಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದರಿಂದ ಮುಖ ಕಣ್ಣು ಊದಿಕೊಳ್ಳುತ್ತವೆ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ 48 ತಾಸು ನೋಡಿ. ಹಿಂದೆ ಹತ್ತು ಸಲ ಹಚ್ಚಿದ್ದರೂ ಪ್ರತಿ ಸಲ ನೋಡಿ.

ಡಾಕ್ಟರ್ ಹತ್ತಿರ ಯಾವಾಗ?

ರೂಪಾಯಿ ನಾಣ್ಯದಷ್ಟು ದುಂಡಗೆ ಕೂದಲು ಹೋಗಿದ್ದರೆ ಜನ ಹುಳ ತಿಂದಿದೆ ಅನ್ನುತ್ತಾರೆ. ಹುಳ ಅಲ್ಲ, ನಮ್ಮ ಮೈಯ ರಕ್ಷಣಾ ಶಕ್ತಿಯೇ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಟ್ಟುಕೊಳ್ಳಬೇಡಿ. ಮಗುವಿನ ತಲೆಯಲ್ಲಿ ಸಿಪ್ಪೆ ಎದ್ದು, ಕೂದಲು ಬುಡದಲ್ಲೇ ಮುರಿದ ಜಾಗ ಇದ್ದರೆ ಅದು ಹುಳುಕಡ್ಡಿ ಇರಬಹುದು. ಅದಕ್ಕೆ ಹೊಟ್ಟೆಗೆ ಔಷಧಿ ಬೇಕು, ಬರೀ ಮುಲಾಮಿಗೆ ಹೋಗುವುದಿಲ್ಲ. ಕೀವು, ನೋವು, ಚರ್ಮ ಹೊಳೆಯುತ್ತಾ ನುಣುಪಾಗುವುದು, ಬೈತಲೆ ಅಗಲವಾಗುತ್ತಾ ಹೋಗುವುದು, ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು ಬರುವುದು, ಇವುಗಳಿಗೂ ತಡ ಮಾಡಬೇಡಿ. ಚರ್ಮ ನುಣುಪಾಗಿ ಕಲೆ ಕಟ್ಟುವ ತರಹದ್ದರಲ್ಲಿ ಹೋದ ಬುಡ ಮರಳಿ ಬರುವುದಿಲ್ಲ, ಪ್ರತಿ ವಾರವೂ ಲೆಕ್ಕಕ್ಕೆ ಬರುತ್ತದೆ.

ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ, ಬಿಎಲ್‌ಡಿಇ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಬಾಗಲಕೋಟೆಯವರಿಗೆ ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಬೆಳಗಾವಿಯವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ಹತ್ತಿರ. ಚರ್ಮರೋಗ ವಿಭಾಗ ಅಂತ ಕೇಳಿ ಹೋಗಿ.

ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ. ಈಗ ಬಳಸುತ್ತಿರುವ ಎಣ್ಣೆ, ಶಾಂಪೂ, ಮಾತ್ರೆಗಳ ಪೊಟ್ಟಣವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಕಳೆದ ಆರು ತಿಂಗಳಲ್ಲಿ ಬಂದ ಜ್ವರ, ಆಪರೇಷನ್, ಹೆರಿಗೆ ಇದ್ದರೆ ತಿಂಗಳ ಸಮೇತ ಬರೆದುಕೊಳ್ಳಿ. ಮೊದಲ ದಿನ ತೆಗೆದ ಆ ಫೋಟೋ ಮೊಬೈಲ್‌ನಲ್ಲಿ ಇದೆಯಲ್ಲ, ಅದನ್ನೂ ತೋರಿಸಿ.